ಸಾರು ತುಂಬಿದ ಕಡುಬು

ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ, ಮನೋವೈದ್ಯರ ಕೋಣೆಯ ಹೊರಗೆ ಕುಳಿತಿದ್ದ ಹೆಂಗಸನ್ನು ಕೌಂಟರಿನಲ್ಲಿದ್ದ ಮೇಘಾ ಮೊದಲು ಗುರುತಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಂಡಸು ಫೈಲನ್ನು ಕೌಂಟರಿಗೆ ತಂದುಕೊಟ್ಟಾಗ ಮೇಲಿದ್ದ ಹೆಸರು ನೋಡಿ ತಲೆಯೆತ್ತಿದಳು. ಅರುಣಾ. ಒಂದು ಕಾಲಕ್ಕೆ ಹಾಸ್ಟೆಲ್ಲಿನ ಮೂರನೇ ಮಹಡಿಯಿಂದ ಗೇಟಿನವರೆಗೂ ಕೇಳುವಂತೆ ನಗುತ್ತಿದ್ದವಳು, ಈಗ ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚನ್ನೇ ನೋಡುತ್ತಾ ಕುಳಿತಿದ್ದಳು.

ಇಬ್ಬರೂ ಚೀನಾದ ಯಾಂಗ್‌ಜೌ ಎಂಬ ಊರಿನಲ್ಲಿ ವೈದ್ಯಕೀಯ ಓದಲು ಹೋದವರು. ಮೇಘಾ ಕುರುಗೋಡಿನ ಶಾಲಾ ಮಾಸ್ತರ ವಿಜಯಕುಮಾರರ ಮಗಳು; ಮನೆಯಲ್ಲಿ ಬುದ್ಧನ ಪಟದ ಕೆಳಗೆ ದೀಪ ಹಚ್ಚುವವರು. ಅರುಣಾ ಸಿರುಗುಪ್ಪ ಕಡೆಯ ಕರೂರಿನ ಲಿಂಗಾಯತರ ಹುಡುಗಿ. ಅವಳ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಅಜ್ಜಿ ಎದ್ದು ಹೋಗುತ್ತಿದ್ದಳು. ಬಳ್ಳಾರಿ ಜಿಲ್ಲೆಯವರು ಎಂಬ ಒಂದೇ ಕಾರಣಕ್ಕೆ ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದರು. ಊರಿನಲ್ಲಾಗಿದ್ದರೆ ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವ ಮಾತೇ ಇರಲಿಲ್ಲ. ಅಲ್ಲಿ ಉಂಡರು.

ಮೂರನೇ ವರ್ಷದ ಚಳಿಗಾಲದ ರಜೆಗೆ ಊರಿಗೆ ಬಂದಾಗ ಕೊರೊನಾ ಬಂತು, ಚೀನಾದ ಬಾಗಿಲು ಮುಚ್ಚಿತು. ಮೊಬೈಲಿನಲ್ಲೇ ಪಾಠ ಕೇಳುತ್ತಾ ಎರಡು ವರ್ಷ ಕಳೆಯುವಷ್ಟರಲ್ಲಿ ಅರುಣಾಳ ಮನೆಯವರ ತಾಳ್ಮೆ ಮುಗಿದು, ಸಿರುಗುಪ್ಪದ ರೈಸ್‌ಮಿಲ್ಲಿನ ಮನೆತನಕ್ಕೆ ಅವಳನ್ನು ಕೊಟ್ಟುಬಿಟ್ಟರು. ಮೇಘಾ ಮಾತ್ರ ತಿರುಗಿ ಹೋಗಿ ಓದು ಮುಗಿಸಿ ಬಂದಳು. ಆದರೆ ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಪಾಸು ಮಾಡಲೇಬೇಕಾದ ಪರೀಕ್ಷೆ ಅವಳ ಕೈಗೆ ಸಿಗುತ್ತಿರಲಿಲ್ಲ. ಅದಕ್ಕೆ ಓದುತ್ತಲೇ ಈ ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದಳು.

ಫೈಲು ಕೊಟ್ಟ ಗಂಡಸು ಅರುಣಾಳ ಗಂಡ ದೊಡ್ಡಬಸವರಾಜ. ಅವಳ ಜೊತೆ ಓದಿದ ಗೆಳತಿ ಎಂದು ಮೇಘಾ ಹೇಳಿಕೊಂಡಳು. ಕೆಟ್ಟವನಂತೆ ಕಾಣಲಿಲ್ಲ, ಬಹಳ ದಿನ ನಿದ್ದೆಗೆಟ್ಟವನಂತೆ ಕಂಡ. ಹಿಂದಿನ ವರ್ಷ ಎಂಟು ತಿಂಗಳು ತುಂಬುವಾಗ ಕೂಸು ಹೊಟ್ಟೆಯಲ್ಲೇ ಹೋಯಿತು, ಆಮೇಲೆ ಇವಳು ಮಾತು ಬಿಟ್ಟಳು, ಈಗೀಗ ಊಟವನ್ನೂ ಬಿಡುತ್ತಿದ್ದಾಳೆ ಎಂದು ದನಿ ತಗ್ಗಿಸಿ ಹೇಳಿದ. ನೀವು ಗೆಳತಿ ಅಂತೀರಿ, ಸ್ವಲ್ಪ ಹೊತ್ತು ಕೂಡ್ರಿ, ನಾನು ಔಷಧಿ ತರುತ್ತೇನೆ ಎಂದು ಹೋದ.

ಮೇಘಾ ಪಕ್ಕದಲ್ಲಿ ಕುಳಿತು ಅದೂ ಇದೂ ಕೇಳಿದಳು. ಕೊನೆಗೆ, ಏನಾದರೂ ತಿನ್ನಬೇಕು ಅನ್ನಿಸುತ್ತಾ ಎಂದಳು. ಸ್ವಿಚ್ಚಿನಿಂದ ಕಣ್ಣು ತೆಗೆಯದೆ ಅರುಣಾ ಹೇಳಿದಳು: "ಟಾಂಗ್‌ಬಾವ್."

ಯಾಂಗ್‌ಜೌನಲ್ಲಿ ಹಾಸ್ಟೆಲ್ಲಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕಿ ಬೆಳಿಗ್ಗೆ ಹಬೆಯಲ್ಲಿ ಬೇಯಿಸಿ ಕೊಡುತ್ತಿದ್ದ ಕಡುಬು ಅದು. ಎಲೆಯಷ್ಟು ತೆಳುವಾದ ಹಿಟ್ಟಿನ ಹೊದಿಕೆ, ಒಳಗೆ ಮಾಂಸ, ಮಾಂಸದ ಸುತ್ತ ಬಿಸಿ ಸಾರು. ಮೆಲ್ಲನೆ ಎತ್ತಿ ಚಮಚದಲ್ಲಿಟ್ಟು, ಅಂಚನ್ನು ಸ್ವಲ್ಪವೇ ಕಚ್ಚಿ, ಮೊದಲು ಸಾರು ಹೀರಿಕೊಂಡು ಆಮೇಲೆ ಉಳಿದದ್ದನ್ನು ತಿನ್ನಬೇಕು. ಅವಸರ ಮಾಡಿದರೆ ನಾಲಿಗೆ ಸುಡುತ್ತದೆ. ಅರುಣಾ ಮೊದಲ ಸಲ ಒಳಗೇನಿದೆ ಎಂದು ಕೇಳದೆ ತಿಂದಿದ್ದಳು; ಗೊತ್ತಾದ ಮೇಲೂ ಬಿಡಲಿಲ್ಲ.

ದೊಡ್ಡಬಸವರಾಜನಿಗೆ ಮೇಘಾ ಇಷ್ಟೇ ಹೇಳಿದಳು: ಅವಳು ಏನೋ ಚೀನಾದ ತಿಂಡಿ ಕೇಳಿದ್ದಾಳೆ, ನಾನು ಹುಡುಕಿ ತಿನ್ನಿಸುತ್ತೇನೆ. ಹೆಂಡತಿ ಬಾಯಿಬಿಟ್ಟು ಒಂದನ್ನು ಕೇಳಿದಳಲ್ಲಾ ಎಂಬ ಸಮಾಧಾನದಲ್ಲಿ ಅವನು ಒಳಗೇನಿರುತ್ತದೆ ಎಂದು ವಿಚಾರಿಸಲಿಲ್ಲ. ಅಲ್ಲಿಂದ ಮುಂದೆ ವೈದ್ಯರನ್ನು ಕಾಣಲು ಬಂದಾಗಲೆಲ್ಲ ಅವನು ಅರುಣಾಳನ್ನು ಮೇಘಾಳ ಜೊತೆ ಬಿಟ್ಟು ಅಕ್ಕಿ ಮಂಡಿಯ ಕೆಲಸಕ್ಕೆ ಹೋಗುತ್ತಿದ್ದ. ಆ ದಿನಗಳಲ್ಲಿ ಮೇಘಾ ಕೌಂಟರಿನ ಪಾಳಿ ಬದಲಿಸಿಕೊಳ್ಳುತ್ತಿದ್ದಳು.

ಹುಡುಕಾಟ ಗಾಂಧಿನಗರದ ಮೊಮೊಸ್ ಗಾಡಿಯಿಂದ ಶುರುವಾಯಿತು. ಅಲ್ಲಿ ಸಿಕ್ಕಿದ್ದು ದಪ್ಪ ಹಿಟ್ಟಿನೊಳಗೆ ಎಲೆಕೋಸು, ಮೇಲೆ ಕೆಂಪು ಚಟ್ನಿ. ಸಾರು ಒಳಗಿರುವುದು ಇದೆಯಾ ಎಂದು ಕೇಳಿದರೆ ಗಾಡಿಯವನು, ಸಾರು ಬೇಕಾದರೆ ಗ್ಲಾಸಿನಲ್ಲಿ ಕೊಡುತ್ತೇನೆ, ಒಳಗೆ ಹಾಕಿದರೆ ಸೋರುವುದಿಲ್ಲವಾ ಎಂದ. ರಾಯಲ್ ಸರ್ಕಲ್ ಹತ್ತಿರದ ಎಸಿ ಹೋಟೆಲೊಂದರಲ್ಲಿ ಕೆಂಪು ಲಾಟೀನು ತೂಗುಹಾಕಿದ್ದರು, ಮೆನುವಿನಲ್ಲಿ ಸೂಪ್ ಡಂಪ್ಲಿಂಗ್ ಎಂದೇ ಬರೆದಿತ್ತು. ಮೇಘಾ ಕೂಡಲೇ ಅದನ್ನೇ ತರಲು ಹೇಳಿದಳು. ಬಂದದ್ದು ಮೆಕ್ಕೆಜೋಳದ ಹಿಟ್ಟು ಕದಡಿದ ಅಂಟು ಸೂಪಿನಲ್ಲಿ ತೇಲುತ್ತಿದ್ದ ಎರಡು ಮೊಮೊ. ಅರುಣಾ ಚಮಚದಿಂದ ಒಂದನ್ನು ತಿರುವಿಹಾಕಿ, ಹಾಗೇ ಬಿಟ್ಟಳು. ಮುಖದಲ್ಲಿ ಬೇಸರವೂ ಇರಲಿಲ್ಲ. ಅದೇ ಮೇಘಾಳನ್ನು ಹೆದರಿಸಿತು.

ಕೌಲ್ ಬಜಾರ್ ಕಡೆ, ಇನ್ಫೆಂಟ್ರಿ ರಸ್ತೆಯಲ್ಲಿ, ಹೊಸ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಚೈನೀಸ್ ಎಂದು ಬೋರ್ಡು ಹಾಕಿದ್ದ ಕಡೆಯೆಲ್ಲ ಹೊಕ್ಕು ಬಂದರು. ಬಿಸಿಲಿಗೆ ಕೋಟೆ ಗುಡ್ಡದ ಬಂಡೆಗಳು ಕಾದು ಊರಿಡೀ ಹೆಂಚಿನಂತಿರುತ್ತಿತ್ತು. ಅರುಣಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದೆ ಹಿಂದೆ ಬರುವಳು. ಎಲ್ಲ ಕಡೆ ಅದೇ ಗೋಬಿ, ಅದೇ ನೂಡಲ್ಸ್. ಒಮ್ಮೆ ಮಾತ್ರ, ಒಬ್ಬ ಮಾಣಿ ಬಹಳ ಗಂಭೀರವಾಗಿ ಶಾವಿಗೆ ಪಾಯಸ ತಂದಿಟ್ಟು ಇದೂ ಚೀನಾದ್ದೇ ಎಂದಾಗ, ಅವಳ ತುಟಿಯ ಮೂಲೆ ಅಲುಗಿದಂತಾಯಿತು.

ಒಂದು ಸಣ್ಣ ಹೋಟೆಲಿನಲ್ಲಿ ಕಾಲಿಂಪಾಂಗ್ ಕಡೆಯ ನಡುವಯಸ್ಸಿನ ಅಡುಗೆಯವನಿದ್ದ. ಮೇಘಾ ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದಳು. ಅವನಿಗೆ ಅದು ಗೊತ್ತಿತ್ತು. ಸಾರನ್ನು ಸುರಿದು ತುಂಬುವುದಲ್ಲ, ಎಲುಬನ್ನು ದಿನವಿಡೀ ಕುದಿಸಿ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಆ ಗಟ್ಟಿಯನ್ನು ಕೊಚ್ಚಿ ಮಾಂಸದ ಜೊತೆ ಸುತ್ತಬೇಕು, ಹಬೆಗೆ ಮತ್ತೆ ಕರಗುತ್ತದೆ ಎಂದ. ಮಾಡಿಕೊಡಬಹುದಾ ಎಂದರೆ ಮಾಲೀಕನತ್ತ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದ. ಇಲ್ಲಿ ಯಾರು ತಿನ್ನುತ್ತಾರೆ, ಗ್ಯಾಸು ವ್ಯರ್ಥ ಎಂದ ಮಾಲೀಕ.

ಆ ವಾರ ಮೇಘಾ ಕುರುಗೋಡಿಗೆ ಹೋಗಿ ತಾಯಿಗೆ ವಿಷಯ ಹೇಳಿದಳು. ತಾಯಿ ಹುಲುಗಮ್ಮ ಕುರಿ ಕಾಲಿನ ಸೂಪು ಮಾಡುವುದರಲ್ಲಿ ಓಣಿಗೆಲ್ಲ ಹೆಸರಾದವಳು; ಯಾರದಾದರೂ ಎಲುಬು ಮುರಿದರೆ ಪಾತ್ರೆ ಹಿಡಿದು ಇವರ ಮನೆಗೇ ಬರುತ್ತಿದ್ದರು. ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ ಎಂಬುದು ಮೇಘಾಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಬಳ್ಳಾರಿಯೆಲ್ಲ ಸುತ್ತಿ ಬಂದ ಮೇಲೆ ಅದು ನೆನಪಾಗಿತ್ತು.

ಮೊದಲ ಸಲ ಎಲ್ಲವೂ ಒಡೆದು ಇಡ್ಲಿ ಪಾತ್ರೆಯ ತಳಕ್ಕೆ ಸಾರು ಹರಿಯಿತು. ಎರಡನೆಯ ಸಲ ಹೊದಿಕೆ ದಪ್ಪವಾಯಿತು. ಮೈದಾವನ್ನು ಬಿಸಿನೀರಿನಲ್ಲಿ ಕಲಸಿ, ಹೋಳಿಗೆಗೆ ನೆನೆಸಿದಂತೆ ನೆನೆಸಿ ನೋಡು ಎಂದಳು ಹುಲುಗಮ್ಮ. ಮುಂದಿನ ಭಾನುವಾರ ಕೆಲವು ಒಡೆಯದೆ ನಿಂತವು. ಮೇಘಾ ಒಂದನ್ನು ಕಚ್ಚಿ, ಸಾರು ನಾಲಿಗೆಗೆ ಬಂದಾಗ, ಒಲೆಯ ಮುಂದೆಯೇ ಕುಳಿತುಬಿಟ್ಟಳು. ಯಾಂಗ್‌ಜೌನದು ಹಂದಿಯ ಸಾರು, ಇದು ಕುರಿಯದು. ಆದರೂ ಅದರ ಸಮೀಪಕ್ಕೆ ಬಂದಿತ್ತು.

ಅರುಣಾಳನ್ನು ಕರೆತರುವುದಕ್ಕೆ ಮುಂಚೆ ಹುಲುಗಮ್ಮ ಒಂದು ಮಾತು ಕೇಳಿದಳು. "ಆಕಿ ನಮ್ಮ ಮನ್ಯಾಗ ಉಂಡಾಳು. ಆದ್ರ ಅವರ ಮನ್ಯಾಗ ಗೊತ್ತಾದ್ರ ಆಕಿಗಿ ಏನಾಗತೈತಿ, ಯೋಚನಿ ಮಾಡೀಯೇನು?"

ಯೋಚನೆ ಮಾಡಿದ್ದೇನೆ ಎಂದಳು ಮೇಘಾ. ನಿಜವೆಂದರೆ ಅವಳು ಅರುಣಾಳ ಬಾಯಿಯಿಂದ ಬಿದ್ದ ಆ ಒಂದೇ ಶಬ್ದದ ಬಗ್ಗೆ ಮಾತ್ರ ಯೋಚಿಸಿದ್ದಳು.

ಮುಂದಿನ ಸಲ ವೈದ್ಯರ ಭೇಟಿ ಬೇಗ ಮುಗಿಯಿತು. ಊರಿಗೆ ಹೋಗಿಬರುತ್ತೇವೆ, ಸಂಜೆಯೊಳಗೆ ಬರುತ್ತೇವೆ ಎಂದು ದೊಡ್ಡಬಸವರಾಜನಿಗೆ ಹೇಳಿ ಮೇಘಾ ಗೆಳತಿಯನ್ನು ಕುರುಗೋಡಿನ ಬಸ್ಸು ಹತ್ತಿಸಿದಳು. ವಿಜಯಕುಮಾರ ಮಾಸ್ತರರು ಬಾಗಿಲಲ್ಲಿ ನಮಸ್ಕಾರ ಮಾಡಿ, ಹೆಂಗಸರು ಆರಾಮಾಗಿ ಕೂಡಲಿ ಎಂದು ಹೊರಗೆ ನಡೆದರು. ಅಡುಗೆಮನೆಯಲ್ಲೇ ಚಾಪೆ ಹಾಸಿದ್ದರು. ಚೀನಾದಲ್ಲಿ ಜೊತೆಗೆ ನಂಚಿಕೊಳ್ಳಲು ಕೊಡುತ್ತಿದ್ದ ಕಪ್ಪು ವಿನೆಗರ್ ಬದಲು ಹುಣಸೆರಸಕ್ಕೆ ಶುಂಠಿ ಹೆಚ್ಚಿ ಹಾಕಿದ್ದರು.

ಅರುಣಾ ಚಮಚ ತೆಗೆದುಕೊಂಡಳು. ಕಡುಬಿನ ಅಂಚು ಕಚ್ಚಿದಳು. ಕಣ್ಣು ಮುಚ್ಚಿ ಸಾರು ಹೀರಿದಳು. ಇನ್ನೊಂದು ತೆಗೆದುಕೊಂಡಳು, ಮತ್ತೊಂದು. ತಟ್ಟೆ ಖಾಲಿಯಾದರೂ ಚಮಚ ಕೆಳಗಿಡಲಿಲ್ಲ. ಹುಲುಗಮ್ಮ ಮತ್ತಷ್ಟು ಬಡಿಸಲು ಏಳುವಾಗ ಅವಳು ಮಾತಾಡಿದಳು.

"ಕೂಸು ಅಲಗಾಡೋದು ನಿಂತಿತ್ತು, ಮೇಘಾ. ನನಗ ಗೊತ್ತಾತು. ನಾವು ಓದಿದ್ವಲ್ಲ."

ಮೇಘಾ ಅವಳ ಹತ್ತಿರಕ್ಕೆ ಸರಿದು ಕುಳಿತಳು.

"ಮುಂಜಾನಿ ಹೇಳಿದೆ. ದವಾಖಾನಿಗಿ ಹೋಗೂಣು ಅಂದೆ. ಅತ್ತಿ ಅಂದ್ಲು, ಹೊಟ್ಟ್ಯಾಗ ಮಲಕ್ಕೋತಾವ ಕೂಸು, ನಾವೇನು ಹಡದಿಲ್ಲೇನು ಅಂತ. ಮಧ್ಯಾಹ್ನ ಮತ್ತ ಹೇಳಿದೆ. ಇವರು ಅಂದ್ರು, ಅರ್ಧ ಓದಿದಾಕಿ ಡಾಕ್ಟರ್ ಆಗಂಗಿಲ್ಲ, ಸುಮ್ಕ ಮಲಕ್ಕೊ ಅಂತ. ನಗಕೋಂತ ಅಂದ್ರು. ಮರುದಿನ ಕರಕೊಂಡು ಹೋದ್ರು."

ಹುಲುಗಮ್ಮ ಒಲೆ ಆರಿಸಿದಳು.

"ಕೂಸಿನ ಮಕ ತೋರಿಸಲಿಲ್ಲ," ಎಂದಳು ಅರುಣಾ. "ಹೆಣ್ಣು ಅಂತ ನರ್ಸ್ ಹೇಳಿದ್ಲು. ಅಷ್ಟ."

ಹುಲುಗಮ್ಮ ಬಂದು ಅವಳ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. ಅರುಣಾ ಆಗ ಅತ್ತಳು. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಬಹಳ ಹೊತ್ತು. ಆಮೇಲೆ ಮುಖ ತೊಳೆದು, ಇನ್ನೆರಡು ಕಡುಬು ತಿಂದು, ಬಸ್ಸು ಹತ್ತಿದಳು. ಬಸ್ಸಿನಲ್ಲಿ ಮೇಘಾಳ ಭುಜಕ್ಕೆ ಒರಗಿ ನಿದ್ದೆಹೋದಳು. ಇನ್ನು ಇವಳು ಸರಿಹೋಗುತ್ತಾಳೆ ಎಂದು ಮೇಘಾ ಆ ದಾರಿಯುದ್ದಕ್ಕೂ ನಂಬಿದ್ದಳು.

ಮುಂದಿನ ಭೇಟಿಯ ದಿನ ಅರುಣಾ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ದೊಡ್ಡಬಸವರಾಜ ಫೋನು ಎತ್ತಲಿಲ್ಲ. ಕಾಯ್ದು ಕಾಯ್ದು ಮೇಘಾ ಒಂದು ದಿನ ರಜೆ ಹಾಕಿ, ಬೆಳಿಗ್ಗೆ ಬೇಯಿಸಿದ ಕಡುಬುಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಡಬ್ಬಿ ಒಯ್ಯಬ್ಯಾಡ ಎಂದು ತಾಯಿ ಹೇಳಿದ್ದಳು.

ಮಿಲ್ಲಿನ ಹಿಂದೆಯೇ ಮನೆ. ಅತ್ತೆ ಕೊಟ್ರಮ್ಮ ಹಣೆತುಂಬ ವಿಭೂತಿ ಹಚ್ಚಿದ, ಮೆತ್ತಗೆ ಮಾತಾಡುವ ಹೆಂಗಸು. ಬರ್ರಿ ಎಂದಳು, ಜಗುಲಿಯಲ್ಲಿ ಕುರ್ಚಿ ಹಾಕಿಸಿದಳು. ಒಳಗಿನಿಂದ ಚಹಾ ಬಂತು. ಅಲ್ಲೇ ಕುಳಿತಿದ್ದ ಅಕ್ಕಿ ದಲ್ಲಾಳಿಗೆ ಪಿಂಗಾಣಿ ಕಪ್ಪಿನಲ್ಲಿ, ಮೇಘಾಳಿಗೆ ಕಾಗದದ ಕಪ್ಪಿನಲ್ಲಿ. ಈಗ ಅರುಣಾಳನ್ನು ಬೇರೆ ಊರಿನ ಡಾಕ್ಟರಿಗೆ ತೋರಿಸುತ್ತಿದ್ದೇವೆ, ಗುಳಿಗೆ ಚಲೋ ಇವೆ, ನಿದ್ದೆ ಮಾಡುತ್ತಾಳೆ ಎಂದು ಕೊಟ್ರಮ್ಮ ಹೇಳಿದಳು. ಕುರುಗೋಡಿನ ಹೆಸರನ್ನು ಅವಳು ಎತ್ತಲೇ ಇಲ್ಲ.

ದನಿ ಕೇಳಿ ಅರುಣಾ ತಾನಾಗಿ ಹೊರಗೆ ಬಂದಳು. ಮುಖ ಊದಿಕೊಂಡಿತ್ತು, ಹೆಜ್ಜೆ ಭಾರವಾಗಿತ್ತು. ಇಬ್ಬರೂ ಗೇಟಿನವರೆಗೆ ನಡೆದರು. ಅಂಗಳದಲ್ಲಿ ಒಣಹಾಕಿದ್ದ ಭತ್ತವನ್ನು ಕೆಲಸದ ಹೆಂಗಸು ಕಾಲಿನಿಂದ ಕೆದರುತ್ತಿದ್ದಳು.

"ನಾನ ಹೇಳಿದೆ," ಎಂದಳು ಅರುಣಾ. "ಎಲ್ಲಿ ಉಂಡಿ ಅಂತ ಅತ್ತಿ ಕೇಳಿದ್ಲು. ಮೇಘಾನ ಮನ್ಯಾಗ, ಕುರಿ ಕಾಲಿನ ಸಾರು ಅಂದೆ. ಅದರ ಜೊತಿಗಿ ಕೂಸಿನ ಮಾತೂ ಹೇಳಿದೆ. ಅವತ್ತು ನಾನು ಹೇಳಿದ್ದೆ, ನೀವು ಕೇಳಲಿಲ್ಲ ಅಂದೆ. ಎಲ್ಲರ ಮುಂದ ಅಂದೆ."

"ಏನಂದ್ರು?"

"ಕೂಸಿನ ಮಾತಿಗಿ ಯಾರೂ ಏನೂ ಅನ್ನಲಿಲ್ಲ. ಉಂಡ ಮಾತನ್ನ ಹಿಡಕೊಂಡ್ರು."

ಮೇಘಾಳಿಗೆ ತಾಯಿ ಕೇಳಿದ ಪ್ರಶ್ನೆ ನೆನಪಾಯಿತು. ನನ್ನಿಂದ ಹೀಗಾಯಿತು ಎಂದಳು. ಅರುಣಾ ಅಲ್ಲವೆಂದು ತಲೆಯಾಡಿಸಿದಳು. ಹೇಳದಿದ್ದರೆ ಸಾಯುತ್ತಿದ್ದೆ ಎಂದಳು, ದನಿಯಲ್ಲಿ ಏರಿಳಿತವಿಲ್ಲದೆ. ಕರೂರಿನ ತವರಿಗೂ ಹೋಗಿ ಬಂದೆ, ಅಣ್ಣ ವೀರೇಶ್ ಮರುದಿನವೇ ತಿರುಗಿ ತಂದುಬಿಟ್ಟ ಎಂದಳು. ಡಬ್ಬಿಯನ್ನು ನೋಡಿದಳು, ಮುಟ್ಟಲಿಲ್ಲ.

"ನೀನು ಪರೀಕ್ಷಾ ಬರಿ," ಎಂದಳು. "ನಿನ್ನ ಮಾತಾದ್ರೂ ಕೇಳ್ಲಿ."

ಒಳಗಿನಿಂದ ಕೊಟ್ರಮ್ಮ ಮೆತ್ತಗೆ ಕೂಗಿದಳು. ಗುಳಿಗೆಯ ಹೊತ್ತಾಗಿತ್ತು. ಅರುಣಾ ಭತ್ತದ ಅಂಚಿನಲ್ಲಿ ಕಾಲಿಡುತ್ತಾ, ತಿರುಗಿ ನೋಡದೆ ಒಳಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಬಳ್ಳಾರಿಯ ಬಸ್ಸು ಬಹಳ ತಡವಾಗಿ ಬಂತು. ಮೇಘಾ ಆಸ್ಪತ್ರೆಯ ಕಡೆ ಹೋಗದೆ ನಡುವೆ ಕ್ರಾಸಿನಲ್ಲಿ ಇಳಿದು ಕುರುಗೋಡಿನ ಆಟೋ ಹಿಡಿದಳು. ಮನೆಗೆ ಬಂದಾಗ ಹುಲುಗಮ್ಮ ಡಬ್ಬಿ ತೆಗೆದು ನೋಡಿದಳು. ಹೊದಿಕೆ ಒಣಗಿತ್ತು, ಒಳಗಿನ ಸಾರು ಮತ್ತೆ ಹೆಪ್ಪುಗಟ್ಟಿತ್ತು. ಅವಳು ನೀರು ಕಾಯಲಿಟ್ಟು, ಕಡುಬುಗಳನ್ನು ಹಬೆಗಿಟ್ಟಳು. ಮುಚ್ಚಳ ತೆಗೆಯುವಷ್ಟರಲ್ಲಿ ಎಲ್ಲವೂ ಒಡೆದು, ಸಾರು ಕೆಳಗಿನ ನೀರಿಗೆ ಹರಿದುಹೋಗಿತ್ತು. ಉಳಿದದ್ದನ್ನು ತಾಯಿ ಮಗಳು ಇಬ್ಬರೂ ತಿಂದರು.