ಒಣ ಹವೆಯ ವಾರ

ಬಲೆ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರನ್ನು ಬೆಳಿಗ್ಗೆ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು. ಊಟಕ್ಕೆ ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು, ಸಂಜೆ ತೆಗೆಯುತ್ತಿದ್ದರು. ಶೆಡ್ಡಿಗಿದ್ದ ಇನ್ನೊಂದು ಬಾಗಿಲಿಗೆ ಅಡ್ಡಲಾಗಿ, ಬಂದರಿಗೆ ಹೋಗಬೇಕಾದ ಮೂಟೆಗಳನ್ನು ಮಾಡಿನವರೆಗೆ ಪೇರಿಸಿಟ್ಟಿದ್ದರು.

ಬೀಗ ಹಾಕುತ್ತಿದ್ದವಳು ಅವರಲ್ಲೇ ಒಬ್ಬಳು. ಕಳೆದ ಚಳಿಗಾಲದವರೆಗೂ ಅವಳೂ ಅದೇ ತೊಟ್ಟಿಯ ಪಕ್ಕ ನಿಂತು, ಡಾಂಬರಿಗೆ ಸೀಮೆಎಣ್ಣೆ ಬೆರೆಸಿದ ಆ ದ್ರಾವಣದಲ್ಲಿ ಬಲೆ ಅದ್ದಿ ತೆಗೆದವಳು. ಹೆಂಗಸರು ಅದನ್ನು ಬರೀ ‘ಕಪ್ಪು’ ಅನ್ನುತ್ತಿದ್ದರು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಆ ಕಪ್ಪು ಹೋಗಿರಲಿಲ್ಲ. ಹೆಸರು ಮಾತ್ರ ಹೋಗಿ ಬೀಗದಕ್ಕ ಆಗಿದ್ದಳು. ಕಪ್ಪು ಕಲಸಿ ಕಲಸಿ ಎದೆ ಕೆಡಿಸಿಕೊಂಡ ಅವಳ ಗಂಡ, ಕಾಂಪೌಂಡಿನ ಮೂಲೆಯ ಕಂಪನಿ ಕೋಣೆಯಲ್ಲಿ ಗೋಡೆಗೊರಗಿ ಕೂತಿರುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೀಲಿಕೈ ಕೊಟ್ಟ ದಿನ ಮ್ಯಾನೇಜರ್ ಹೇಳಿದ್ದು ಇಷ್ಟೇ: “ನಿನ್ನ ಗಂಡನ್ನ ನಾವು ಕೈಬಿಟ್ಟಿಲ್ಲ ನೋಡಮ್ಮ. ಆ ಕೋಣೇಲೇ ಇರಿ. ನೀನೂ ನಮ್ಮನ್ನ ಕೈಬಿಡಬೇಡ.”

ಮಾತು ಎಷ್ಟು ಮೆತ್ತಗಿತ್ತೆಂದರೆ, ಅದರೊಳಗಿನ ಮುಳ್ಳು ಚುಚ್ಚಿದ್ದು ಅವಳಿಗೆ ಮನೆಗೆ ಬಂದ ಮೇಲೆ ಗೊತ್ತಾಗಿತ್ತು.

ಆ ದಿನ ಬೆಳಿಗ್ಗೆ ಗೇಟಿನ ಪಕ್ಕದ ಗೂಡಿನಲ್ಲಿ ವಾಚ್‌ಮನ್ ತಾತನ ರೇಡಿಯೋ ಎಂದಿನಂತೆ ಊರಿಗೆಲ್ಲ ಕೇಳುವಷ್ಟು ಜೋರಾಗಿತ್ತು. ತಾತನಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಹೊರಡಲು ಸಿದ್ಧವಾಗಿತ್ತು. “ಕರಾವಳಿಯುದ್ದಕ್ಕೂ ಈ ವಾರವಿಡೀ ಚಳಿ ಹಾಗೂ ಒಣ ಹವೆ ಮುಂದುವರಿಯಲಿದೆ. ಗಾಳಿ ನೆಲದ ಕಡೆಯಿಂದ ಕಡಲಿನತ್ತ ಬೀಸಲಿದೆ. ಆಕಾಶ ಶುಭ್ರವಾಗಿರುತ್ತದೆ.”

ಮ್ಯಾನೇಜರ್ ಮಫ್ಲರಿನೊಳಗಿಂದ ಮುಖ ಹೊರಗೆ ಹಾಕಿ ಆಕಾಶ ನೋಡಿದ. ಅದನ್ನು ತಾನೇ ಆರ್ಡರ್ ಕೊಟ್ಟು ತರಿಸಿದಂತಿತ್ತು ಅವನ ನೋಟ.

“ಕೇಳಿಸ್ತಾ? ಇಂಥ ಹವೆ ಮತ್ತೆ ಸಿಗಲ್ಲ. ಸಂಜೆ ಅದ್ದಿದ ಬಲೆ ಬೆಳಿಗ್ಗೆ ಒಣಗಿರತ್ತೆ. ಇವತ್ತಿಂದ ನೆಲಕ್ಕೆ ನೀರು ಚಿಮುಕಿಸೋದು ಬಂದ್ ಅಂತ ಒಳಗೆ ಹೇಳು.”

“ಚಳಿಗಾಲದಲ್ಲಿ ನೀರು ಹಾಕದೆ ಇದ್ರೆ ನೂಲು ಕಿಡಿ ಬಿಡತ್ತೆ, ಸಾರ್.”

“ಬಿಡಲಿ. ಚುರುಕ್ ಅಂದ್ರೆ ನಿದ್ದೆ ಆದ್ರೂ ಹೋಗತ್ತೆ.”

ತನ್ನ ಮಾತಿಗೆ ತಾನೇ ನಕ್ಕು ಅವನು ಆಫೀಸಿನ ಕಡೆ ಹೊರಟ. ಬೀಗದಕ್ಕನೂ ಸ್ವಲ್ಪ ನಕ್ಕಳು. ಆ ನಗು ಅವಳ ಕೆಲಸದಲ್ಲೇ ಸೇರಿಹೋಗಿತ್ತು.

ಬೀಗವನ್ನು ತೆರೆದಂತೆಯೇ ಚಿಲಕಕ್ಕೆ ಸಿಕ್ಕಿಸಿ ಅವಳು ಒಳಗೆ ಹೋದಳು. ಹಗ್ಗಗಳ ಮೇಲೆ ಕಪ್ಪು ಬಲೆಗಳು ಮಾಡಿನಿಂದ ನೆಲದವರೆಗೆ ಇಳಿಬಿದ್ದಿದ್ದವು. ನಡುವೆ ಹೆಂಗಸರು ಒಣಗಿದ ಬಲೆಯನ್ನು ಎಳೆದು ರಾಟೆಗೆ ಸುತ್ತುತ್ತಿದ್ದರು. ಎಳೆದಾಗೆಲ್ಲ ನೈಲಾನು ಚಟಚಟ ಅನ್ನುತ್ತಿತ್ತು. ಗಂಟಲು ಒಡಕಲಾಗಿದ್ದರಿಂದಲೇ ‘ಕೋಗಿಲೆ’ ಅನ್ನಿಸಿಕೊಂಡಿದ್ದ ಹೆಂಗಸು ಬೆರಳು ಬಾಯಿಗಿಟ್ಟುಕೊಂಡು ಹೇಳಿದಳು, “ನನ್ನ ಗಂಡ ಮುಟ್ಟಿದಾಗಲೂ ಇಷ್ಟು ಮೈ ಜುಮ್ ಅಂದಿರಲಿಲ್ಲ ಕಣ್ರೇ.”

ನಗುವಿನ ನಡುವೆಯೇ ಬೀಗದಕ್ಕ, ನೀರು ಬಂದ್ ಎಂದಳು. ನಗು ನಿಂತಿತು. ಅವಳು ಮೂಲೆಯ ಬಕೆಟ್ ಎತ್ತಿಕೊಂಡು ಹೋಗಿ ಬಾಗಿಲ ಹೊರಗೆ ಸುರಿದು, ಖಾಲಿ ಬಕೆಟ್ಟಿನೊಂದಿಗೆ ವಾಪಸು ಬಂದಳು. ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

“ಬಕೆಟ್ಟನ್ನೂ ತಗೊಂಡು ಹೋಗಿ,” ಅಂದಳು ನಾದಿನಿ. ಗಂಡನ ತಂಗಿಯಾದ ಅವಳು ತೊಟ್ಟಿಯ ಪಕ್ಕವೇ ನಿಂತಿದ್ದಳು. ಬೀಗ ಕೈಗೆ ಬಂದಂದಿನಿಂದ ಅವಳು ಅತ್ತಿಗೆಯನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. “ಇಲ್ಲಿಟ್ರೆ ನಾವು ಅದರಲ್ಲಿ ಕೂತು ತೇಲಿ ಓಡಿಹೋಗ್ತೀವಿ. ನಿಮಗೆ ಕೆಟ್ಟ ಹೆಸರು.”

“ನಿನ್ನ ಅಣ್ಣನಿಗೋಸ್ಕರ ಮಾಡ್ತಿದೀನಿ, ನನ್ನ ಶೋಕಿಗಲ್ಲ.”

“ಅಣ್ಣನ್ನ ಕೆಮ್ಮೋ ಹಾಗೆ ಮಾಡಿದ್ದು ಈ ಶೆಡ್ಡು. ಈಗ ನಮ್ಮನ್ನ ಇದರಲ್ಲೇ ಕೂಡಿಹಾಕಿ ಅವನಿಗೆ ಔಷಧಿ ತರ್ತೀರಿ. ಒಳ್ಳೇ ಸಂಸಾರ.”

ಬೀಗದಕ್ಕ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಟಕ್ ಎಂದು ಸದ್ದಾಯಿತು.

ಆ ಸದ್ದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೇ. ದಾರಿಯಲ್ಲಿ ಹೋಗುತ್ತಿದ್ದ ಮ್ಯಾನೇಜರ್, ಬೀಗ ತೆರೆದು ನೇತಾಡುವುದನ್ನು ಕಂಡು ಒತ್ತಿ ಹೋಗಿದ್ದ. ಅವಳು ಬಾಗಿಲು ಬಡಿದಳು, “ಸಾರ್, ನಾನು ಒಳಗಿದೀನಿ,” ಎಂದು ಕೂಗಿದಳು. ಪಕ್ಕದ ನೂಲು ಹೊಸೆಯುವ ಯಂತ್ರಗಳ ಅಬ್ಬರದಲ್ಲಿ ಅವಳ ಕೂಗು ಬಾಗಿಲಾಚೆ ಯಾರಿಗೂ ಕೇಳಿಸಲಿಲ್ಲ. ಸೊಂಟದ ಚೀಲ ಮುಟ್ಟಿ ನೋಡಿಕೊಂಡಳು. ಕೀಲಿಕೈ ಅಲ್ಲೇ ಇತ್ತು.

ಮೊದಲು ನಕ್ಕವಳು ಕೋಗಿಲೆ. ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. “ಬನ್ನಿ ಬೀಗದಕ್ಕ, ಕೂತ್ಕೊಳ್ಳಿ. ಕಾಫಿ ಟೀ ಏನೂ ಇಲ್ಲ, ಬೇಕಾದ್ರೆ ಕಪ್ಪು ಕುಡೀರಿ.”

ಅವಳ ಮುಖ ಕಾದುಹೋಯಿತು. ತಿರುಗಿ ನಿಂತು ಬಾಗಿಲಿನ ಹಲಗೆ ನೋಡಿದಳು. ಇಷ್ಟು ದಿನ ದಿನವೂ ಮುಚ್ಚಿದ್ದ ಬಾಗಿಲು. ಕೀಲಿಕೈ ಸಿಕ್ಕ ಮೇಲೆ ಒಳಗಿನಿಂದ ಅದು ಹೇಗೆ ಕಾಣುತ್ತದೆಂದು ಅವಳು ನೋಡಿರಲಿಲ್ಲ. ಕೈಗೆ ಸಿಗುವ ಎತ್ತರದಲ್ಲಿ ಹಲಗೆಯ ಬಣ್ಣ ಸವೆದು, ಕಪ್ಪು ಬೆರಳುಗಳ ಗುರುತು ಒಂದರ ಮೇಲೊಂದು ಬಿದ್ದಿತ್ತು.

ಅಷ್ಟರಲ್ಲಿ ರಾಟೆಯ ಹತ್ತಿರ ಚಟ್ ಎಂದಿತು. ದಿನವೂ ಅನ್ನುವಂಥದ್ದೇ. ಆದರೆ ಈ ಸಲ ಕೈ ಒರೆಸುವ ಚಿಂದಿಯೊಂದು ಅಲ್ಲೇ ಬಿದ್ದಿತ್ತು, ಸೀಮೆಎಣ್ಣೆ ಕುಡಿದ ಚಿಂದಿ. ನೀಲಿ ಜ್ವಾಲೆಯೊಂದು ಸದ್ದಿಲ್ಲದೆ ಎದ್ದು ನೇತಾಡುವ ಬಲೆಯ ಅಂಚನ್ನು ಹಿಡಿಯಿತು.

“ತೊಟ್ಟಿ,” ಎಂದಷ್ಟೇ ಕೂಗಿದಳು ನಾದಿನಿ. ತಗಡಿನ ಮುಚ್ಚಳವನ್ನು ಎಳೆದು ತೊಟ್ಟಿಯ ಮೇಲೆ ಕೆಡವಿದಳು. ಯಾರೋ ನೀರು, ನೀರು ಎಂದರು. ಬೀಗದಕ್ಕ ಬಕೆಟ್ಟಿನೊಳಗೆ ಕೈ ಹಾಕಿದಳು. ತಳದಲ್ಲಿ ಒಂದು ಹನಿ ತೇವ ಕೈಗೆ ಹತ್ತಿತು. ಕುಡಿಯುವ ಕೊಡವನ್ನು ಶಾಲುಗಳ ಮೇಲೆ ಬಗ್ಗಿಸಿ, ಆ ಒದ್ದೆ ಶಾಲುಗಳಿಂದ ಎಲ್ಲರೂ ಬಡಿದರು. ಬೀಗದಕ್ಕ ಉರಿಯುವ ಬಲೆಯನ್ನು ಹಗ್ಗದಿಂದ ಕಿತ್ತು ನೆಲಕ್ಕೆ ಹಾಕಿ ಚಪ್ಪಲಿ ಕಾಲಲ್ಲಿ ತುಳಿದಳು. ಕರಗಿದ ನೈಲಾನು ಚಪ್ಪಲಿಗೆ ಅಂಟಿ ಎಳೆಎಳೆಯಾಗಿ ಮೇಲೆದ್ದಿತು.

ಬೆಂಕಿ ಆರಿತು. ಹೊಗೆ ಉಳಿಯಿತು. ಕಿಟಕಿಗಳಿಗೆ ಮರಳು ಬಾರದಂತೆ ತಗಡು ಹೊಡೆದಿದ್ದರು. ಕೆಮ್ಮು ಒಬ್ಬಳಿಂದ ಒಬ್ಬಳಿಗೆ ಹರಡಿತು. ಆ ಕೆಮ್ಮನ್ನು ಬೀಗದಕ್ಕ ಗುರುತಿಸಿದಳು. ಅವಳ ಕೋಣೆಯಲ್ಲಿ ಗೋಡೆಗೊರಗಿ ಕೂತಿರುವುದು ಅದೇ ಕೆಮ್ಮು.

“ಕೀಲಿಕೈ ಬಾಗಿಲ ಅಡಿಯಿಂದ ಹೊರಗೆ ತಳ್ಳು,” ಅಂದಳು ನಾದಿನಿ.

“ಅಡಿಗೆ ರಬ್ಬರ್ ಪಟ್ಟಿ ಹೊಡೆದಿದೆ. ಥಂಡಿ ಗಾಳಿ ಒಳಗೆ ಬರ್ತಿತ್ತಲ್ಲ ಅಂತ.”

“ಯಾರು ಹೊಡೆದಿದ್ದು?”

“ನಾನೇ.”

“ಎಷ್ಟು ಮೊಳೆ ಹೊಡೆದೆ ಅತ್ತಿಗೆ?”

“ಡಬ್ಬಿ ಖಾಲಿ ಮಾಡಿದೆ.”

ಬಹುವಚನ ಹೊಗೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರು. ಬಲೆ ಕೊಯ್ಯುವ ಚೂರಿಯಿಂದ ನಾದಿನಿ ರಬ್ಬರನ್ನು ಅಡಿಯಿಂದ ಇರಿದು ಗರಗಸದಂತೆ ಎಳೆದಳು. ಪಟ್ಟಿ ಗಟ್ಟಿಯಾಗಿತ್ತು, ಹೊಡೆದವಳು ಮೈಗಳ್ಳಿಯಾಗಿರಲಿಲ್ಲ. ಒಂದು ತುಂಡು ಕಳಚಿದಾಗ ಚಾಕುವಿನಷ್ಟೇ ಚೂಪಾದ ತಣ್ಣನೆ ಗಾಳಿ ಇಬ್ಬರ ಮುಖಕ್ಕೂ ಬಡಿಯಿತು. ಸರದಿಯಂತೆ ಒಬ್ಬೊಬ್ಬರೂ ಬಂದು ಬಾಯಿಟ್ಟು ಉಸಿರೆಳೆದುಕೊಂಡರು. ಬೀಗದಕ್ಕ ಕೀಲಿಕೈಯನ್ನು ಬೆರಳಿನಿಂದ ಚಿಮ್ಮಿದಳು. ಅದು ಅವಳೇ ಸುರಿದಿದ್ದ ನೀರಿನ ರಾಡಿಯಲ್ಲಿ ಹೋಗಿ ಕೂತಿತು.

ಎಷ್ಟೋ ಹೊತ್ತಿನ ಮೇಲೆ ತಾತನ ಗೊಣಗಾಟ ಕೇಳಿಸಿತು. “ಗುಡಿಸಿದ ದಾರಿ ಮೇಲೆ ನೀರು ಸುರಿದ ಪುಣ್ಯಾತ್ಮರು ಯಾರಪ್ಪ?” ಆಮೇಲೆ ಗೊಣಗಾಟ ನಿಂತಿತು. ಆಮೇಲೆ ಬೀಗದಲ್ಲಿ ಕೀಲಿಕೈ ತಡಕಾಡಿತು.

ಮ್ಯಾನೇಜರ್ ಬಂದಾಗ ಹೆಂಗಸರು ಗೋಡೆಯುದ್ದಕ್ಕೂ ಬಿಸಿಲಲ್ಲಿ ಕೂತಿದ್ದರು. ಮುಖವೆಲ್ಲ ಮಸಿ. ಅವನು ಅವರನ್ನು ದಾಟಿ ಒಳಗೆ ಹೋಗಿ, ಮೂಗಿಗೆ ಮಫ್ಲರ್ ಹಿಡಿದು ಹೊರಗೆ ಬಂದ.

“ಒಂದೇ ಬಲೆ ಹೋಗಿರೋದು. ಸದ್ಯ.”

ಅವನು ಚಿಲಕದಿಂದ ಬೀಗ ತೆಗೆದು, ತಾತನ ಕೈಯಿಂದ ಕೀಲಿಕೈ ಇಸಿದುಕೊಂಡು, ಎರಡನ್ನೂ ಬೀಗದಕ್ಕನತ್ತ ಚಾಚಿದ. “ನೀನು ಒಳಗಿದ್ದೆ ಅಂತ ನನಗೆ ಹೇಗಮ್ಮ ಗೊತ್ತಾಗಬೇಕು? ಆಗಿದ್ದು ಆಯ್ತು. ಹೊಗೆ ಹೋದ ತಕ್ಷಣ ಎಲ್ಲರನ್ನೂ ಒಳಗೆ ಕಳಿಸು, ಬೀಗ ಹಾಕು. ಇಡೀ ವಾರ ಒಣ ಹವೆ ಇದೆ. ಒಂದು ದಿನನೂ ಕಳ್ಕೊಳ್ಳೋ ಹಾಗಿಲ್ಲ.”

ಬೀಗದಕ್ಕ ಕಾಂಪೌಂಡಿನ ಮೂಲೆಯ ಕೋಣೆಯತ್ತ ನೋಡಿದಳು. ಕಿಟಕಿಯಲ್ಲಿ ಗಂಡನ ತಲೆ ಕಾಣುತ್ತಿತ್ತು. ಗದ್ದಲ ಕೇಳಿ ಎದ್ದು ನಿಂತಿರಬೇಕು. ನಿಲ್ಲುವುದಕ್ಕೆ ಎರಡು ಕೈಯಿಂದಲೂ ಕಿಟಕಿಯ ಸರಳು ಹಿಡಿದುಕೊಂಡಿದ್ದ.

“ಹಾಕಲ್ಲ,” ಅಂದಳು.

“ಏನು?”

“ಬೀಗ ಹಾಕಲ್ಲ, ಸಾರ್.”

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮೆತ್ತಗಿನ ದನಿಯಲ್ಲೇ ಕೇಳಿದ, “ಆ ಕೋಣೆ ಯಾರದು, ಮರೆತೆಯಾ? ಈ ಚಳೀಲಿ ಅವನನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯಮ್ಮ?”

“ಗೊತ್ತಿಲ್ಲ.”

“ನಮ್ಮನೆ ಇದೆ,” ಅಂದಳು ನಾದಿನಿ, ಕೂತಲ್ಲಿಂದಲೇ. “ಕಾಲು ಚಾಚೋಕೆ ಆಗಲ್ಲ, ಅಷ್ಟೇ. ಅಣ್ಣ ಹೇಗೂ ಕೂತೇ ಮಲಗೋದು.”

ಯಾರೋ ಕಿಸಕ್ಕೆಂದರು. ಕೆಮ್ಮಿರಲೂಬಹುದು.

ಬೀಗದಕ್ಕ ಬಕೆಟ್ ಎತ್ತಿಕೊಂಡು ಗೇಟಿನ ಪಕ್ಕದ ನಲ್ಲಿಗೆ ಹೋದಳು. ನೀರು ಸಣ್ಣಗೆ ಬರುತ್ತಿತ್ತು. ತುಂಬುವವರೆಗೂ ಅವಳು ಅಲ್ಲೇ ನಿಂತಳು. ಎಲ್ಲರೂ ಅವಳ ಬೆನ್ನನ್ನೇ ನೋಡುತ್ತಿದ್ದರು. ವಾಪಸು ಬಂದಾಗ ಮ್ಯಾನೇಜರ್ ಇನ್ನೂ ಹೊಸ್ತಿಲಿಗೆ ಅಡ್ಡವಾಗಿ ನಿಂತಿದ್ದ. ಬೀಗ ಅವನ ಅಂಗೈಯಲ್ಲಿತ್ತು, ಬಾಯಿ ತೆರೆದುಕೊಂಡು.

“ಸ್ವಲ್ಪ ಸರೀರಿ ಸಾರ್,” ಅಂದಳು ಅವಳು. “ನಿಮ್ಮ ಬೂಟು ಒದ್ದೆಯಾಗತ್ತೆ.”

ಅವಳು ಬಕೆಟ್ಟಿನೊಳಗೆ ಕೈ ಅದ್ದಿ ಮೊದಲ ಬೊಗಸೆ ನೀರನ್ನು ಒಳಗಿನ ನೆಲಕ್ಕೆ ಚಿಮುಕಿಸಿದಳು. ಒಣಗಿದ ಸಿಮೆಂಟು ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಅವಳು ಮತ್ತೆ ಕೈ ಅದ್ದಿದಳು.