ಟಾಪಿನ ಒಳಮೈ

ಏಟು ತಿಂದ ಕಾರನ್ನು ಏಟೇ ಬಿದ್ದಿಲ್ಲ ಅನ್ನುವ ಹಾಗೆ ಮಾಡಿಕೊಡುವುದು ಮೇಸ್ತ್ರಿಯ ನಲವತ್ತು ವರ್ಷದ ಕಸುಬು. ತಗಡು ಬಡಿಯುವವರು ಬಡಿದು ಕಳಿಸಿದ ಮೇಲೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದು, "ಎಲ್ಲಿ ಬಿದ್ದಿತ್ತು ಏಟು, ತೋರಿಸಿ ನೋಡೋಣ!" ಎಂದು ಗಾಡಿಯ ಯಜಮಾನರಿಗೇ ಸವಾಲು ಹಾಕುತ್ತಿದ್ದರು. ಒಬ್ಬರೂ ತೋರಿಸಿದ್ದಿಲ್ಲವಂತೆ. ಹಾಗಂತ ಅವರೇ ಹೇಳುತ್ತಿದ್ದರು, ನಾವು ನಂಬಬೇಕು ಅಷ್ಟೆ.

ಹೋದ ವರ್ಷ ಎದೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನು ಆ ಬಣ್ಣದ ವಾಸನೆಯಲ್ಲಿ ನಿಲ್ಲೋದು ಬೇಡ" ಎಂದುಬಿಟ್ಟರು. ಮೊದಲ ತಿಂಗಳು ವರ್ಕ್‌ಶಾಪಿನಿಂದ ದಿನಕ್ಕೆರಡು ಫೋನು ಬರುತ್ತಿತ್ತು: ಮೇಸ್ತ್ರೀ, ಈ ಹಸಿರಿಗೆ ಕಪ್ಪು ಎಷ್ಟು ಬೆರೆಸೋದು? ಎರಡನೆಯ ತಿಂಗಳು ವಾರಕ್ಕೊಂದು. ಆಮೇಲೆ ಅಲ್ಲಿಗೆ ಬಣ್ಣ ಬೆರೆಸುವ ಯಂತ್ರ ಬಂತು, ಫೋನು ನಿಂತೇ ಹೋಯಿತು. ಮೇಸ್ತ್ರಿಗೆ ಉಣ್ಣಲು ಉಡಲು ಯಾವ ಕೊರತೆಯೂ ಇರಲಿಲ್ಲ. ಕೇಳುವವರು ಇರಲಿಲ್ಲ, ಅದೊಂದೇ. ಹೆಂಡತಿ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಮಾತ್ರೆ ತಗೊಂಡ್ರಾ, ಫ್ಯಾನ್ ಆಫ್ ಮಾಡಿದ್ರಾ. ಇದಕ್ಕೆ ಉತ್ತರ ಕೊಡಲು ಮೇಸ್ತ್ರಿಯೇ ಆಗಬೇಕೇ?

ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಮಗಳು, ಅಳಿಯ. ಅಳಿಯ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ಮೆತ್ತಗಿನ ಮನುಷ್ಯ, ಮಾತು ಕಮ್ಮಿ. ಮದುವೆಯಾಗಿ ಎರಡು ವರ್ಷವಾದರೂ ಮಾವನ ಜೊತೆ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಿಡುವಿದ್ದಾಗಲೆಲ್ಲ ಮೇಜಿನ ಮುಂದೆ ಕೂತು ಅಂಗೈ ಉದ್ದದ ಪ್ಲಾಸ್ಟಿಕ್ ಕಾರು ಜೋಡಿಸುವುದು ಅವನ ಹುಚ್ಚು. "ಗಂಡಸಿಗೆ ಆಟಿಕೆ ಬೇಕಂತೆ ಆಟಿಕೆ" ಎಂದು ಮೇಸ್ತ್ರಿ ಅಡುಗೆಮನೆಯಲ್ಲಿ ಗೊಣಗುತ್ತಿದ್ದರು, ಮೇಲೆ ಕೇಳಿಸದ ಹಾಗೆ.

ಅಂಥ ಅಳಿಯ ಒಂದು ಭಾನುವಾರ ತಾನಾಗಿ ಕೆಳಗಿಳಿದು ಬಂದ. ಕೈಯಲ್ಲಿ ನಾಲ್ಕು ಬಾಗಿಲಿನ ಹಳೇ ಕಾಲದ ಕಾರೊಂದರ ಬಿಳಿ ಮೈ. ಚಕ್ರವಿಲ್ಲ, ಗಾಜಿಲ್ಲ, ಮೇಲಿನ ಚಿಪ್ಪು ಮಾತ್ರ.

"ಮಾವ, ಒಂದ್ನಿಮಿಷ. ಪ್ರೈಮರ್ ಎಷ್ಟು ಸಲ ಹೊಡೆದ್ರೂ ಇಲ್ಲಿ ಸಣ್ಣ ಸಣ್ಣ ಗುಳಿ ಬೀಳ್ತಿದೆ. ಬಣ್ಣ ನಿಲ್ತಾನೇ ಇಲ್ಲ. ಯಾಕಿರಬಹುದು?"

ಯಾಕಿರಬಹುದು! ಹತ್ತು ತಿಂಗಳಿನಿಂದ ಈ ಒಂದು ಮಾತಿಗೆ ಮೇಸ್ತ್ರಿಯ ಕಿವಿ ಬಾಯಿಬಿಟ್ಟುಕೊಂಡಿತ್ತು. ಕನ್ನಡಕ ಏರಿಸಿ, ಚಿಪ್ಪನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು, ಬೇಕೆಂದೇ ಸ್ವಲ್ಪ ತಡಮಾಡಿದರು.

"ಎಣ್ಣೆ ಕೈ, ಅಳಿಯಂದ್ರೇ. ತಲೆ ಮುಟ್ಕೊಂಡು ಇದನ್ನ ಮುಟ್ಟಿದೀರಿ. ಎಣ್ಣೆ ಇರೋ ಕಡೆ ಬಣ್ಣ ಓಡಿಹೋಗುತ್ತೆ. ಉಜ್ಜಿ, ಸೋಪು ನೀರಲ್ಲಿ ತೊಳೀರಿ. ಆಮೇಲೆ ಗ್ಲೌಸ್ ಹಾಕ್ಕೊಂಡೇ ಮುಟ್ಟಿ."

ಅಳಿಯ ಹಾಗೇ ಮಾಡಿದ. ಮರುದಿನ ಸಂಜೆ, ಬಣ್ಣದ ಅಡಿಗೆ ಹೊಡೆಯುವ ಆ ಪ್ರೈಮರ್ ಕನ್ನಡಿಯ ಹಾಗೆ ನುಣ್ಣಗೆ ಕೂತಿತು. "ನೀವು ಹೇಳಿದ್ದು ಸರಿಹೋಯ್ತು ಮಾವ" ಎಂದು ಬಂದು ಹೇಳಿದ. ಅವತ್ತು ಮೇಸ್ತ್ರಿ ಎರಡು ತುತ್ತು ಹೆಚ್ಚಿಗೆ ಉಂಡರು. ಆ ವಾರದಲ್ಲಿ ಅಳಿಯ ಇನ್ನೂ ಮೂರು ಸಲ ಇಳಿದು ಬಂದ, ಮೂರು ಪ್ರಶ್ನೆ ತಂದ. ಮೇಸ್ತ್ರಿಯ ಕೆಮ್ಮು ಕೂಡ ಕಮ್ಮಿಯಾಯಿತು ಎಂದು ಹೆಂಡತಿ ನಕ್ಕಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅಳಿಯನ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಎಂದು ಗಂಡಹೆಂಡತಿ ನಾಲ್ಕು ದಿನಕ್ಕೆ ಊರಿಗೆ ಹೊರಟರು. ಹೋಗುವಾಗ ಅಳಿಯ, "ಬಂದು ನೀಲಿ ಬಣ್ಣ ಹೊಡೀಬೇಕು" ಅಂದ. ಅಂದದ್ದು ಅಷ್ಟೇ. ಹೊಡೆದಿಡಿ ಅನ್ನಲಿಲ್ಲ. ಆದರೆ ಮೇಸ್ತ್ರಿಯ ತಲೆಯಲ್ಲಿ ಆಗಲೇ ಹುಳ ಹೊಕ್ಕಿತ್ತು. ಬಂದು ನೋಡುವಷ್ಟರಲ್ಲಿ ಬಣ್ಣ ಮುಗಿದು ಫಳಫಳ ಅನ್ನುತ್ತಿರಬೇಕು. ಆಮೇಲೆ ಈ ಹುಡುಗ ಜೀವಮಾನವಿಡೀ ಕೇಳುತ್ತಲೇ ಇರಬೇಕು!

ಅಳಿಯನ ಮೇಜಿನ ಮೇಲೆ ನೀಲಿ ಬಣ್ಣದ ಸ್ಪ್ರೇ ಡಬ್ಬಿ ಇತ್ತು. ಮೇಸ್ತ್ರಿ ಅದನ್ನು ಎತ್ತಿ ನೋಡಿ ಮೂಗು ಮುರಿದರು. ಒತ್ತಿದರೆ ಬುಸ್ ಅನ್ನುವುದೂ ಒಂದು ಬಣ್ಣವೇ? ಬಸ್ಸು ಹಿಡಿದು ವರ್ಕ್‌ಶಾಪಿಗೆ ಹೋಗಿ, ಕಾರಿಗೆ ಹೊಡೆಯುವ ಅಸಲಿ ನೀಲಿ, ಬಣ್ಣ ತೆಳುಮಾಡುವ ಅಸಲಿ ಥಿನ್ನರ್, ಬಣ್ಣ ಹೊಡೆಯುವ ತಮ್ಮ ಹಳೇ ಗನ್ನು, ಗಾಳಿ ತುಂಬುವ ಸಣ್ಣ ಯಂತ್ರ ಎಲ್ಲವನ್ನೂ ಹೊತ್ತುಕೊಂಡು ಬಂದರು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಳು. "ಡಾಕ್ಟರು ಏನಂದಿದ್ರು?"

"ಬಾಲ್ಕನೀಲಿ ಹೊಡೀತೀನಿ ಕಣೇ. ಮಾಸ್ಕ್ ಇದೆ. ಅಂಗೈಯಷ್ಟು ಕೆಲಸ."

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಿಮಗೆ ಮಗ ಇಲ್ಲ, ಅಳಿಯ ಸಿಕ್ಕಿದಾರೆ."

"ಬಾಯಿ ಮುಚ್ಚೇ. ನಿನಗೇನು ಗೊತ್ತು ಬಣ್ಣದ ವಿಷಯ!"

ಮೊದಲ ಕೋಟು ಬಿದ್ದಾಗ ಮೇಸ್ತ್ರಿಗೆ ಕಣ್ಣು ತುಂಬಿ ಬಂತು ಅಂದರೆ ನೀವು ನಗಬಹುದು. ಮಣಿಕಟ್ಟು ಏನನ್ನೂ ಮರೆತಿರಲಿಲ್ಲ. ಇನ್ನೊಂದು ಕೋಟು ದಪ್ಪಗೆ ಹೊಡೆದರು, ಕಾರಿಗೆ ಹೊಡೆಯುವ ಹಾಗೆಯೇ. ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದರು.

ನೋಡುತ್ತಿದ್ದಂತೆ ಕಾರಿನ ಟಾಪಿನ, ಅಂದರೆ ಚಾವಣಿಯ, ಮೇಲೆ ಸಣ್ಣ ಗೆರೆಯೊಂದು ಕಾಣಿಸಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತ ನೀಲಿ ಬಣ್ಣ ಒಡೆದ ಹಾಲಿನ ಹಾಗೆ ಗರಣೆಗರಣೆಯಾಯಿತು. ಅಡಿಯ ಪ್ಲಾಸ್ಟಿಕ್ಕೇ ಕರಗುತ್ತಿತ್ತು. ಟಾಪಿನ ನಡುಭಾಗ ಮೆಲ್ಲಗೆ ಒಳಕ್ಕೆ ಕುಸಿಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಂಟು ತಿಂಗಳು ಅಳಿಯ ಅದರ ಮೇಲೆ ಕೂತಿದ್ದ. ನಾಲ್ಕು ಬಾಗಿಲನ್ನೂ ಕೊಯ್ದು, ಗುಂಡುಸೂಜಿಯ ತುಂಡಿನಲ್ಲಿ ತಿರುಗಣೆ ಮಾಡಿ, ತೆರೆದು ಮುಚ್ಚುವ ಹಾಗೆ ಜೋಡಿಸಿದ್ದ. ಅಂಗಡಿಯಿಂದ ಅಂಥದೇ ಕಾರಿನ ಇನ್ನೊಂದು ಡಬ್ಬ ತಂದರೂ ಆ ಬಾಗಿಲು ಬರುವುದಿಲ್ಲ. ಥಿನ್ನರಿಗೆ ತಗಡು ಏನೂ ಅನ್ನುವುದಿಲ್ಲ, ಅದು ಮೇಸ್ತ್ರಿಗೆ ಗೊತ್ತಿತ್ತು. ಪ್ಲಾಸ್ಟಿಕ್ ಏನನ್ನುತ್ತದೆ ಎಂದು ನಲವತ್ತು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಅಯ್ಯೋ, ಇನ್ನು ಇವನು ಏನನ್ನಾದರೂ ಕೇಳುತ್ತಾನೆಯೇ? ಮೊದಲು ಬಂದ ಯೋಚನೆ ಅದು. ಅಳಿಯನ ಎಂಟು ತಿಂಗಳು ಅವರ ತಲೆಗೆ ಬಂದದ್ದು ಅದರ ನಂತರ. ಇದನ್ನು ಹೇಳದಿದ್ದರೆ ಕತೆಗೆ ಮೋಸ ಮಾಡಿದ ಹಾಗೆ.

ಆಮೇಲೆ ಬಂದದ್ದು ಕಸುಬಿನ ಯೋಚನೆ. ಏಟು ಬಿದ್ದಿದೆ, ಗುರುತು ಅಳಿಸಬೇಕು. ಪ್ಲಾಸ್ಟಿಕ್ ಮೆತ್ತಗಿರುವಾಗಲೇ ಕುಸಿದ ಟಾಪನ್ನು ಒಳಗಿನಿಂದ ಹೆಬ್ಬೆಟ್ಟಿನಲ್ಲಿ ಒತ್ತಿ ಮೇಲೆತ್ತಿ, ಗಟ್ಟಿಯಾಗುವ ತನಕ ಹಾಗೇ ಹಿಡಿದು ಕೂತರು. ಆಮೇಲೆ ಎರಡು ದಿನ ಫ್ಯಾನಿನ ಮುಂದೆ ಒಣಗಿಸಿ, ಬಿರುಕಿಗೆಲ್ಲ ಕಡ್ಡಿಯ ತುದಿಯಲ್ಲಿ ಪುಟ್ಟಿ ತುಂಬಿ, ಉಜ್ಜುವ ಕಾಗದವನ್ನು ಉಗುರಿನಷ್ಟು ಕತ್ತರಿಸಿ ನೀರಲ್ಲಿ ಅದ್ದಿ ಉಜ್ಜಿದರು. ಬಾಗಿಲಿನ ಸಂದಿಯಲ್ಲಿ ತುಂಬಿದ್ದನ್ನು ಸೂಜಿಯಲ್ಲಿ ಕೆರೆದು ತೆಗೆದರು. ಕೊನೆಗೆ ಮೂಗು ಮುರಿದಿದ್ದ ಆ ಬುಸ್ ಡಬ್ಬಿಯನ್ನೇ ಕೈಗೆತ್ತಿಕೊಂಡು ತೆಳ್ಳಗೆ ಮೂರು ಕೋಟು ಹೊಡೆದರು. ಭಾನುವಾರ ಮಧ್ಯಾಹ್ನ ಕಾರು ಮೇಜಿನ ಮೇಲೆ ಕೂತಿತ್ತು. ಎಲ್ಲಿ ಬಿದ್ದಿತ್ತು ಏಟು, ತೋರಿಸಿ ನೋಡೋಣ!

"ಹೇಳಿಬಿಡಿ ಅವರಿಗೆ" ಎಂದಳು ಹೆಂಡತಿ.

"ಹೇಳೋಕೇನಿದೆ? ಕಾಣಿಸ್ತಿದೆಯಾ? ಇಲ್ಲ ತಾನೆ? ಬಾಯಿ ಬಿಟ್ಟರೆ ಬಣ್ಣಗೇಡು."

ಸಂಜೆ ಅಳಿಯ ಬಂದ. ಚೀಲ ಇಳಿಸಿ, ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಕಾರನ್ನು ಎತ್ತಿದ. ಸುತ್ತ ತಿರುಗಿಸಿ ನೋಡಿದ, ಮಗುಚಿ ನೋಡಿದ. ಮಗುಚಿದ್ದನ್ನು ದೀಪದ ಬೆಳಕಿಗೆ ಹಿಡಿದ. ಮೇಸ್ತ್ರಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

"ಬಣ್ಣ ತುಂಬಾ ಚೆನ್ನಾಗಿ ಕೂತಿದೆ ಮಾವ" ಎಂದ ಅಳಿಯ. ಕಾರನ್ನು ಮೆತ್ತಗೆ ಕೆಳಗಿಟ್ಟ.

ಗೆದ್ದೆ ಅಂದುಕೊಂಡರು ಮೇಸ್ತ್ರಿ. ಎರಡು ದಿನ ಆ ಗೆಲುವಿನಲ್ಲೇ ಓಡಾಡಿದರು. ಮೂರನೆಯ ದಿನ ಸಂಜೆ ಮೆಟ್ಟಿಲ ಕಡೆ ಕಿವಿ ಹೋಯಿತು. ಅಳಿಯ ಇಳಿದು ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಎದುರು ಸಿಕ್ಕಾಗ ನಗುತ್ತಿದ್ದ, ಆರೋಗ್ಯ ವಿಚಾರಿಸುತ್ತಿದ್ದ, ಬಣ್ಣದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮೇಸ್ತ್ರಿಗೆ ಅನ್ನ ರುಚಿಸದಾಯಿತು.

ಶನಿವಾರ ಮಧ್ಯಾಹ್ನ, ಅಳಿಯ ಲ್ಯಾಬಿನಲ್ಲಿದ್ದಾಗ, ತಡೆಯಲಾರದೆ ಮೇಲೆ ಹತ್ತಿದರು. ಮಗಳು ಬಟ್ಟೆ ಮಡಚುತ್ತಿದ್ದಳು.

"ಕಾರಿನ ಕೆಲಸ ಎಲ್ಲಿಗೆ ಬಂತಮ್ಮಾ?"

"ಬಣ್ಣ ಮುಗೀತಲ್ಲಪ್ಪ. ಈಗ ವಾರದಿಂದ ಕಾಗದ ಕತ್ತರಿಸ್ತಾ ಕೂತಿದಾರೆ. ಟಾಪಿನ ಒಳಗಡೆ ಲೈನಿಂಗ್ ಅಂಟಿಸ್ಬೇಕಂತೆ. ಮೊದಲು ಅದೆಲ್ಲ ಬೇಡ ಅಂದಿದ್ರು, ಈಗ ನೋಡು, ಹಠ ಹಿಡಿದಿದಾರೆ."

ಮೇಜಿನ ಮೇಲೆ ಕೆನೆ ಬಣ್ಣದ ತೆಳು ಕಾಗದದ ತುಂಡುಗಳು ಬಿದ್ದಿದ್ದವು. ಒಂದು ಚಿಕ್ಕದಾಗಿದೆ, ಒಂದು ಸೊಟ್ಟಗಿದೆ, ಕೊನೆಯದು ಟಾಪಿನ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತಿದೆ. ಮೇಸ್ತ್ರಿ ಕಾರನ್ನು ಎತ್ತಿ ಮಗುಚಿದರು.

ಬಿಳಿ ಪ್ಲಾಸ್ಟಿಕ್ಕಿನ ಒಳಮೈ ಮೇಲೆ ಒಂದು ಹೆಬ್ಬೆಟ್ಟಿನ ಗುರುತಿತ್ತು. ಗೆರೆಗೆರೆಯೂ ಸ್ಪಷ್ಟ. ನಡುವೆ ಮೇಸ್ತ್ರಿಯ ಹೆಬ್ಬೆರಳಿನ ಹಳೇ ಗಾಯದ ಕಲೆಯೂ ಇತ್ತು. ಬರೆದುಕೊಟ್ಟ ಪತ್ರದ ಕೆಳಗೆ ಒತ್ತಿದ ಹಾಗಿತ್ತು. ನಿಜವಾದ ಕಾರಿನಲ್ಲಾದರೆ ತಗಡಿನ ಒಳಮೈ ಬಟ್ಟೆಯ ಹಿಂದೆ ಮುಚ್ಚಿಹೋಗುತ್ತದೆ, ನಲವತ್ತು ವರ್ಷ ಅದನ್ನು ಯಾರೂ ನೋಡಿಲ್ಲ, ಮೇಸ್ತ್ರಿಯೂ ನೋಡಿಲ್ಲ. ಅಳಿಯ ಗಾಜು ಕೂರಿಸಲು ಮೊದಲು ನೋಡುವುದೇ ಅದನ್ನು.

ಅವತ್ತೇ ನೋಡಿದ್ದಾನೆ. ನೋಡಿಯೂ ಚೆನ್ನಾಗಿ ಕೂತಿದೆ ಅಂದಿದ್ದಾನೆ. ಆಮೇಲೆ ವಾರವಿಡೀ ಕೂತು ಕಾಗದ ಕತ್ತರಿಸಿದ್ದಾನೆ, ಮಾವನ ತಪ್ಪು ಮಾವನ ಕಣ್ಣಿಗೂ ಬೀಳದಿರಲಿ ಎಂದು. ಜಗತ್ತಿನ ಗಾಡಿಗಳ ಏಟನ್ನೆಲ್ಲ ಮುಚ್ಚಿದ ಮೇಸ್ತ್ರಿಯ ತಪ್ಪನ್ನು ಈ ಮಾತು ಬಾರದ ಹುಡುಗ ಮುಚ್ಚುತ್ತಿದ್ದ. ಮೇಸ್ತ್ರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಆಟಿಕೆ ಅಂದಿದ್ದು ನೆನಪಾಗಿ ಚುಚ್ಚಿತು, ಕಾರನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತುಬಿಟ್ಟರು.

"ಯಾಕಪ್ಪ, ಎದೆ ನೋವಾ?" ಮಗಳು ಗಾಬರಿಯಾದಳು.

"ಇಲ್ಲಮ್ಮ. ಅವರು ಬರೋತನಕ ಇಲ್ಲೇ ಕೂತಿರ್ತೀನಿ."

ಅಳಿಯ ಬಂದಾಗ ಮೇಸ್ತ್ರಿ ಮಗುಚಿದ ಕಾರನ್ನು ಮುಂದಿಟ್ಟುಕೊಂಡು ಕೂತಿದ್ದರು. ಅಳಿಯ ಕಾರನ್ನು ನೋಡಿದ, ಮಾವನನ್ನು ನೋಡಿದ, ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಅಳಿಯಂದ್ರೇ, ಅವತ್ತು ಆ ಥಿನ್ನರ್ ಇದೆಯಲ್ಲ, ಅದು..." ಎಂದು ಮೇಸ್ತ್ರಿ ಶುರುಮಾಡಿದರು. ವರ್ಕ್‌ಶಾಪಿನಲ್ಲಿ ಏನೇ ಕೆಟ್ಟರೂ ತಪ್ಪು ಥಿನ್ನರಿನದು, ಇಲ್ಲವೇ ಹವೆಯದು. ನಾಲಿಗೆ ಹಳೇ ದಾರಿ ಹಿಡಿದಿತ್ತು. ಅದನ್ನು ಅಲ್ಲೇ ತಡೆದರು. "ಥಿನ್ನರ್ ತಪ್ಪಲ್ಲ. ನನ್ನ ತಪ್ಪು. ನೀವು ಹೇಳದೇ ಇದ್ದಿದ್ದನ್ನ ಮಾಡೋಕೆ ಹೋಗಿ ಹಾಳು ಮಾಡಿದೆ. ಮಾಡಿ ಮುಚ್ಚಿಟ್ಟೆ."

ಅಳಿಯ ನೆಲ ನೋಡಿದ. "ನೋಡಿದೆ ಮಾವ. ಅವತ್ತೇ."

"ಮತ್ತೆ ಬೈಯಬಾರದಿತ್ತಾ?"

"ಬಂದ ದಿನ ತುಂಬಾ ಬೇಜಾರಾಯ್ತು, ಸುಳ್ಳು ಹೇಳಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಆದ್ರೆ ಮೇಲಿನ ಕೆಲಸ ನೋಡಿದ್ರೆ... ಆ ಬಿರುಕನ್ನೆಲ್ಲ ನನ್ನ ಕೈಲಿ ತುಂಬೋಕೆ ಆಗ್ತಿರಲಿಲ್ಲ. ಏನು ಹೇಳಬೇಕು ಅಂತಾನೇ ಗೊತ್ತಾಗಲಿಲ್ಲ. ನಿಮ್ಮ ಹತ್ರ ಬಣ್ಣದ ಮಾತು ಎತ್ತಿದ್ರೆ ನಿಮಗೆ ಮುಜುಗರ ಆಗುತ್ತೇನೋ ಅಂತ ಬರೋದೇ ಬಿಟ್ಟೆ."

ಮಗಳು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಿದ್ದಳು. ಮೇಸ್ತ್ರಿ ಕೆನೆ ಕಾಗದವನ್ನು ಎತ್ತಿ ಅಳಿಯನ ಕೈಗೆ ಕೊಟ್ಟರು.

"ಅಂಟಿಸೋದೋ ಬಿಡೋದೋ ನಿಮ್ಮಿಷ್ಟ. ನನಗೋಸ್ಕರ ಬೇಡ."

ಆಮೇಲೆ ಎದ್ದು ಹೋಗುತ್ತಾರೆ ಎಂದು ಅಳಿಯ ದಾರಿ ಬಿಟ್ಟು ನಿಂತ. ಮೇಸ್ತ್ರಿ ಎದ್ದರು, ಮೇಜಿನ ಮುಂದಿನ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟರು, ಮೂಲೆಯಲ್ಲಿದ್ದ ಗಿಡ್ಡ ಸ್ಟೂಲನ್ನು ಎಳೆದು ಅದರ ಪಕ್ಕಕ್ಕೆ ಹಾಕಿಕೊಂಡು ಕೂತರು. ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಈ ಪ್ಲಾಸ್ಟಿಕ್‌ಗೆ ಯಾವ ಥಿನ್ನರ್ ಒಗ್ಗುತ್ತೆ ಅಳಿಯಂದ್ರೇ?" ಎಂದು ಕೇಳಿದರು ಮೇಸ್ತ್ರಿ. "ಹೇಳ್ಕೊಡಿ. ನನಗೆ ಗೊತ್ತಿಲ್ಲ."