ಗಾಳಿಗೆ ಕೊಟ್ಟ ಬೋರ್ಡು

ಯೋಗೀಶ್ ತನ್ನ ಹೊಸ ಹೋಟೆಲಿನ ಬೋರ್ಡನ್ನು ದಾರಿಯವರಿಗೆಲ್ಲ ಕಾಣಲೆಂದು ಕಾರಿನ ಮೇಲೆ ಉದ್ದಕ್ಕೆ, ಗೋಡೆಯಂತೆ ನಿಲ್ಲಿಸಿ ಕಟ್ಟಿದ್ದ. ಕಾರು ಓಡಿಸುತ್ತಿದ್ದ ಹೆಂಡತಿ ಸುಪ್ರೀತಾ ಬೈಂದೂರಿನಲ್ಲೇ, "ಮಲ್ಗ್ಸಿ ಕಟ್ಟಿ, ಗಾಳಿ ಹಿಡಿತ್ತ್" ಎಂದಿದ್ದಳು. ಅವನು ನಕ್ಕಿದ್ದ.

ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ನದಿ ಇರುವ ಮರವಂತೆಯಲ್ಲಿ ಕಡಲಗಾಳಿ ಬೋರ್ಡಿಗೆ ಬಡಿದದ್ದೇ ಕಾರು ನದಿಯ ಕಡೆಗೆ ಜಾರಿತು. ಮಗುವನ್ನು ಕೂರಿಸಿಕೊಂಡು ಕಾರಿನ ಪಕ್ಕದಲ್ಲೇ ಸ್ಕೂಟರಿನಲ್ಲಿ ಹೋಗುತ್ತಿದ್ದ ಹೆಂಗಸು ಕೂದಲೆಳೆಯ ಅಂತರದಲ್ಲಿ ಪಾರಾದಳು.

ಸುಪ್ರೀತಾ ಕಾರು ನಿಲ್ಲಿಸಿ ಕೆಳಗಿಳಿದಳು.

"ಗಾಳಿಗೆ ನಾ ಎಂತ ಮಾಡುದ್?" ಎಂದ ಯೋಗೀಶ್.

"ಹ್ವಾಯ್, ಗಾಳಿ ಮೇಲ್ ಹಾಕ್ಬೇಡಿ! ಆ ಮಗಿಗೆ ಎಂತಾರೂ ಆಯಿದ್ರೆ? ಬಿಚ್ಚಿ ಅದನ್ನ್!"

ಅವನು ಹಗ್ಗ ಬಿಚ್ಚಿ, ಬೋರ್ಡನ್ನು ಮಲಗಿಸಿ ಕಟ್ಟಿದ. ಆಮೇಲೆ ಕಾರು ನೆಟ್ಟಗೆ ಓಡಿತು. ಕುಂದಾಪುರ ಮುಟ್ಟಿದರೂ ಸುಪ್ರೀತಾಳ ಸಿಟ್ಟು ಇಳಿದಿರಲಿಲ್ಲ.